ಗೆದ್ದ ಆಟವನ್ನೂ ಕಂಪ್ಯೂಟರ್ ತಪ್ಪು ಅಂದರೆ ಮಗು ಏನು ಕಲಿಯಬೇಕು?

ಸವಿತಾ, ಬಸವನಗುಡಿ:
ನನ್ನ ಮಗಳಿಗೆ 11 ವರ್ಷ. ಗಾಂಧಿ ಬಜಾರ್ ಹತ್ತಿರ ಚೆಸ್ ಕ್ಲಾಸಿಗೆ ಹೋಗುತ್ತಾಳೆ. ಟೂರ್ನಮೆಂಟ್ ಮುಗಿಸಿ ಮನೆಗೆ ಬಂದ ಕೂಡಲೇ ಆಟವನ್ನು ಮೊಬೈಲಿಗೆ ಹಾಕಿ ಸ್ಟಾಕ್‌ಫಿಶ್ ಎಂಬ ಚೆಸ್ ಪ್ರೋಗ್ರಾಂ ಏನು ಹೇಳುತ್ತದೆ ಅಂತ ನೋಡುತ್ತಾಳೆ. ಈ ಭಾನುವಾರ ಗೆದ್ದಿದ್ದಳು. ಆದರೂ "18ನೇ ನಡೆ ತಪ್ಪಂತೆ" ಅಂತ ಮುಖ ಸಪ್ಪೆ ಮಾಡಿಕೊಂಡಳು. ಯಾಕೆ ತಪ್ಪು ಅಂತ ಅವಳಿಗೂ ಗೊತ್ತಿಲ್ಲ. ಕಂಪ್ಯೂಟರ್ ಮತ್ತು ಗ್ರ್ಯಾಂಡ್‌ಮಾಸ್ಟರ್ ಒಂದೇ ಥರ ಯೋಚಿಸುತ್ತಾರಾ?

ಕಿರಣ್, ವಿಜಯನಗರ:
ಇಲ್ಲ. ಕಂಪ್ಯೂಟರ್ ಲೆಕ್ಕ ಹಾಕುತ್ತದೆ. 1997ರಲ್ಲಿ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂ ಕಂಪ್ಯೂಟರ್ ಸೆಕೆಂಡಿಗೆ ಸುಮಾರು 20 ಕೋಟಿ ಪೊಸಿಷನ್ (ಬೋರ್ಡ್ ಮೇಲೆ ಕಾಯಿಗಳು ನಿಂತ ರೀತಿ) ನೋಡುತ್ತಿತ್ತು. ಮನುಷ್ಯರ ಕೈಲಿ ಆಗುತ್ತದಾ?

ಚೆಸ್ ಮೇಷ್ಟ್ರು, ಮಲ್ಲೇಶ್ವರ:
ಕಿರಣ್, ವೇಗ ಒಂದೇ ಅಲ್ಲ. 2017ರಲ್ಲಿ ಆಲ್ಫಾಜೀರೋ ಎಂಬ ಪ್ರೋಗ್ರಾಂ ಸೆಕೆಂಡಿಗೆ ಸುಮಾರು 80 ಸಾವಿರ ಪೊಸಿಷನ್ ನೋಡುತ್ತಿತ್ತು, ಎದುರಿದ್ದ ಸ್ಟಾಕ್‌ಫಿಶ್ ಸುಮಾರು 7 ಕೋಟಿ. ಆದರೂ 100 ಆಟಗಳಲ್ಲಿ ಆಲ್ಫಾಜೀರೋ 28 ಗೆದ್ದು, ಉಳಿದ 72 ಡ್ರಾ ಮಾಡಿಕೊಂಡಿತು. ಯಾವ ನಡೆಯನ್ನು ನೋಡಬೇಕು, ಯಾವುದನ್ನು ಬಿಡಬೇಕು ಅಂತ ತನ್ನ ಜೊತೆ ತಾನೇ ಆಡಿ ಕಲಿತಿತ್ತು.

ಸವಿತಾ ಅವರೇ, ಮಾಸ್ಟರ್‌ಗಳು ನೋಡುವುದು ಇನ್ನೂ ಕಡಿಮೆ. ಅವರು ಕಾಯಿಗಳನ್ನು ಗುಂಪಾಗಿ ಗುರುತು ಹಿಡಿಯುತ್ತಾರೆ. ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು 1973ರಲ್ಲಿ ಇದನ್ನು ಬರೆದರು. ನಿಜವಾದ ಆಟದ ಬೋರ್ಡನ್ನು 5 ಸೆಕೆಂಡ್ ತೋರಿಸಿದರೆ ಮಾಸ್ಟರ್ ಬಹುಪಾಲು ಕಾಯಿಗಳನ್ನು ನೆನಪಿನಿಂದ ಜೋಡಿಸುತ್ತಿದ್ದರು. ಸುಮ್ನೆ ಅಡ್ಡಾದಿಡ್ಡಿ ಇಟ್ಟ ಬೋರ್ಡಿನಲ್ಲಿ ಹೊಸಬರಿಗಿಂತ ಮೇಲಾಗಲಿಲ್ಲ.

ಅದೇ ಗುರುತು ಒಮ್ಮೊಮ್ಮೆ ಕೈ ಕೊಡುತ್ತದೆ. 2006ರಲ್ಲಿ ಜರ್ಮನಿಯ ಬಾನ್‌ನಲ್ಲಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್, ಡೀಪ್ ಫ್ರಿಟ್ಜ್ ಎಂಬ ಪ್ರೋಗ್ರಾಂ ಎದುರು ತನಗೆ ಬರಲಿದ್ದ ಒಂದೇ ನಡೆಯ ಮೇಟ್ (ರಾಜ ತಪ್ಪಿಸಿಕೊಳ್ಳಲಾಗದ ಸೋಲು) ಕಾಣಲಿಲ್ಲ. ಬಿಳಿ ರಾಣಿ ಎಚ್7 ಮನೆಗೆ ಬಂತು, ಅದಕ್ಕೆ ಎಫ್8 ಮನೆಯಲ್ಲಿದ್ದ ಕುದುರೆಯ ಬಲ. ಕುದುರೆ ಆ ಮನೆಯಿಂದ ಮೇಟ್‌ಗೆ ನೆರವಾಗುವುದು ಅಪರೂಪ, ಕಣ್ಣಿಗೆ ರೂಢಿಯಿಲ್ಲ. ಕಾರಣ ಅದೇ ಅಂತ ನನ್ನ ನಂಬಿಕೆ.

ಎದುರಾಳಿ ತನ್ನಷ್ಟೇ ಚೆನ್ನಾಗಿ ಆಡುತ್ತಾನೆ ಅಂದುಕೊಂಡು ಇಂಜಿನ್ (ಸ್ಟಾಕ್‌ಫಿಶ್‌ನಂಥ ಚೆಸ್ ಪ್ರೋಗ್ರಾಂ) ಅಂಕ ಕೊಡುತ್ತದೆ. ನಿಮ್ಮ ಮಗಳ ಎದುರು ಕೂತಿದ್ದು ಇನ್ನೊಂದು ಮಗು. ಅವಳ ನಡೆಗೆ ಅವಳದೇ ಕಾರಣ ಇರುತ್ತದೆ. ಮೊದಲು ಅದನ್ನು ಕೇಳಿ. ಗೆದ್ದ ಮಗು ಹಾಗೆ ಸೋತ ಮುಖ ಮಾಡುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಸವಿತಾ, ಬಸವನಗುಡಿ:
ಹಾಗಾದರೆ ಇಂಜಿನ್ ಪೂರ್ತಿ ಬಿಡಿಸಬೇಕಾ ಸರ್?

ಚೆಸ್ ಮೇಷ್ಟ್ರು, ಮಲ್ಲೇಶ್ವರ:
ಬೇಡಮ್ಮ. ಮೊದಲು ನಡೆಗಳನ್ನು ಬರೆದುಕೊಂಡ ಸ್ಕೋರ್‌ಶೀಟ್ ಇಟ್ಟುಕೊಂಡು ಬೋರ್ಡ್ ಮೇಲೆ ಆಟವನ್ನು ಮತ್ತೆ ಆಡಲಿ. ಅನುಮಾನ ಬಂದ ಕಡೆ ಪೆನ್ಸಿಲ್ ಗುರುತು ಹಾಕಲಿ. ಆಮೇಲೆ ಅಷ್ಟನ್ನೇ ಇಂಜಿನ್‌ಗೆ ಕೇಳಲಿ. ಅದು ಬೇರೆ ನಡೆ ತೋರಿಸಿದರೆ, ತನ್ನ ನಡೆಯನ್ನೇ ಆಡಿ ಎದುರಾಳಿಯ ಉತ್ತರ ಏನು ಅಂತ ನೋಡಬೇಕು. ತಪ್ಪು ಯಾಕೆ ಅನ್ನುವುದು ಅಲ್ಲೇ ಸಿಗುತ್ತದೆ. ಕೆಲವೇ ಕಾಯಿ ಉಳಿದ ಎಂಡ್‌ಗೇಮ್‌ನಲ್ಲಿ ಮಾತ್ರ ಜಾಸ್ತಿ ನಂಬಬಹುದು. ರಾಜರೂ ಸೇರಿ 7 ಕಾಯಿ ಉಳಿದ ಪೊಸಿಷನ್‌ಗಳ ಫಲಿತಾಂಶವನ್ನು ಪೂರ್ತಿ ಲೆಕ್ಕ ಹಾಕಿ ಟೇಬಲ್‌ಬೇಸ್ ಎಂಬ ಮಾಹಿತಿ ಸಂಗ್ರಹದಲ್ಲಿ ಇಟ್ಟಿದ್ದಾರೆ. ಅಲ್ಲಿ ಅಂದಾಜಿನ ಮಾತೇ ಇಲ್ಲ.