ನಲ್ಲಿಂಗ್ ಮಾದರಿ: ಶೇ. 4 ಬೆಳಕು ಸೋರುತ್ತಲೇ ಉಂಟು, ಯಾಕೆ?

ಮಲ್ಪೆ_ತಾರೆ:
ಉಡುಪಿಯಲ್ಲಿ ಕಾಲೇಜು ವಿಜ್ಞಾನ ಪ್ರದರ್ಶನಕ್ಕೆ ಮೈಕೆಲ್ಸನ್ ಇಂಟರ್ಫೆರೋಮೀಟರ್ (ಒಂದು ಕಿರಣವನ್ನು ಎರಡಾಗಿ ಸೀಳಿ, ಎರಡು ಕನ್ನಡಿಗಳಿಂದ ವಾಪಸ್ ತಂದು ಕೂಡಿಸುವ ಉಪಕರಣ) ಕಟ್ಟಿದ್ದೇವೆ. ನಕ್ಷತ್ರದ ಬೆಳಕನ್ನು ರದ್ದು ಮಾಡಿ ಗ್ರಹ ಕಾಣುವ ವಿಧಾನ, ಅಂದರೆ ನಲ್ಲಿಂಗ್, ತೋರಿಸಬೇಕು. 650 ನ್ಯಾನೊಮೀಟರ್ ಡಯೋಡ್ ಲೇಸರ್, ಅಲ್ಯೂಮಿನಿಯಂ ಬೇಸ್, ತೋಳುಗಳು (ಕಿರಣ ಸೀಳುವಲ್ಲಿಂದ ಕನ್ನಡಿವರೆಗಿನ ದೂರ) 10 ಮತ್ತು 13 ಸೆಂ.ಮೀ. ಪೂರ್ತಿ ಕತ್ತಲಾಗಬೇಕಾದಲ್ಲಿ ಗರಿಷ್ಠದ ಶೇ. 4 ಉಳೀತದೆ. ಬೀಮ್ ಸ್ಪ್ಲಿಟರ್ (ಕಿರಣ ಸೀಳುವ ಅರೆಗನ್ನಡಿ) ಸರಿಯಾಗಿ 50:50 ಇಲ್ಲದ್ದೇ ಕಾರಣವಾ?

ಕೊಡಿಯಾಲ_ಲ್ಯಾಬ್:
ಸ್ಪ್ಲಿಟರ್ ಅಲ್ಲ ಮಾರಾಯ್ರೆ. ಲೇಸರ್‌ಗೆ ವಾಪಸ್ ಹೋಗದ ಬದಿಯಲ್ಲಿ ಎರಡೂ ಕಿರಣ ಒಮ್ಮೆ ಪ್ರತಿಫಲಿಸಿ ಒಮ್ಮೆ ದಾಟಿ ಬರ್ತವೆ. ಸ್ಪ್ಲಿಟರ್ 60:40 ಇದ್ದರೂ ಅಲ್ಲಿ ಸಮವೇ. ಒಂದು ಕನ್ನಡಿ ಮಾಸಿ ಆ ಕಿರಣ ಶೇ. 10 ಕಡಿಮೆಯಾದರೂ ಸೋರಿಕೆ ಶೇ. 0.07 ಮಾತ್ರ.

ಮೊದಲು ತೋಳು ಸಮ ಮಾಡಿ, 1 ಮಿ.ಮೀ. ಒಳಗೆ. ಅಗ್ಗದ ಡಯೋಡ್ ಲೇಸರ್ ಒಟ್ಟಿಗೇ ಹಲವು ತರಂಗಾಂತರ ಉಗುಳ್ತದೆ, 6 ಸೆಂ.ಮೀ. ದಾರಿ ವ್ಯತ್ಯಾಸದಲ್ಲಿ ಎಲ್ಲದರ ಕತ್ತಲೂ ಒಂದೇ ಕಡೆ ಬೀಳುವುದಿಲ್ಲ. ಮತ್ತೆ ಲೇಸರ್ ಮುಚ್ಚಿ ಫೋಟೊಡಯೋಡ್ (ಬೆಳಕು ಅಳೆಯುವ ಸಾಧನ) ಎಷ್ಟು ತೋರಿಸ್ತದೆ ನೋಡಿ, ಅಷ್ಟನ್ನು ಕಳೆಯಿರಿ.

ಪಡುಕಡಲು:
ಅದರ ಮೇಲೆ ನಡುಕವೂ ಉಂಟು. ಸೋರಿಕೆ ಅಂದರೆ ಹಂತದೋಷದ (ಎರಡು ಅಲೆಗಳು ಪೂರ್ತಿ ಎದುರುಬದುರಾಗದೆ ತಪ್ಪುವ ಕೋನ, ರೇಡಿಯನ್‌ನಲ್ಲಿ) ವರ್ಗದ ಕಾಲು ಭಾಗ. ಶೇ. 4ಕ್ಕೆ 0.4 ರೇಡಿಯನ್, ಅಂದರೆ ಕನ್ನಡಿ ಬರೀ 21 ನ್ಯಾನೊಮೀಟರ್ ಸರಿದರೆ ಸಾಕು. 10 ಸೆಂ.ಮೀ. ಅಲ್ಯೂಮಿನಿಯಂ 0.01 ಡಿಗ್ರಿ ಬಿಸಿಯಾದರೆ 23 ನ್ಯಾನೊಮೀಟರ್ ಹಿಗ್ತದೆ! ಫ್ಯಾನ್, ಏಸಿ ಆಫ್ ಮಾಡಿ, ಮೇಲೆ ರಟ್ಟಿನ ಪೆಟ್ಟಿಗೆ ಕವುಚಿ, ಅರ್ಧ ಗಂಟೆ ಮುಟ್ಟಬೇಡಿ. ಅಡಿಗೆ ಕಾರ್ಕಳದ ಗ್ರಾನೈಟ್ ಚಪ್ಪಡಿ, ಅದರಡಿ ಅರ್ಧ ಗಾಳಿಯ ಸ್ಕೂಟರ್ ಟ್ಯೂಬ್.

ಕೊಡಿಯಾಲ_ಲ್ಯಾಬ್:
ಒಂದು ಮುಖ್ಯ ಮಾತು ಬಿಟ್ಟುಹೋಯ್ತು. ಸಮ ತೋಳಿನ ಮೈಕೆಲ್ಸನ್ ಗ್ರಹವನ್ನೂ ಆರಿಸಿಬಿಡ್ತದೆ, ಯಾಕೆಂದರೆ ಅದರಲ್ಲಿ ಎರಡು ದೂರದರ್ಶಕಗಳ ನಡುವಿನ ಅಂತರ ಎಂಬುದೇ ಇಲ್ಲ. 1978ರಲ್ಲಿ ಖಗೋಳ ವಿಜ್ಞಾನಿ ಬ್ರೇಸ್‌ವೆಲ್ ಹೇಳಿದ, ಎರಡು ದೂರದರ್ಶಕಗಳ ಬೆಳಕು ಕೂಡಿಸಿ ನಕ್ಷತ್ರ ಆರಿಸುವ ಉಪಾಯದ ಜೀವ ಆ ಅಂತರದಲ್ಲೇ ಉಂಟು. ಹಾಗಾಗಿ ಪಕ್ಕದಲ್ಲಿ ಯಂಗ್ ಪ್ರಯೋಗವನ್ನೂ ಇಡಿ: ದೂರದರ್ಶಕಗಳ ಬದಲು 1 ಮಿ.ಮೀ. ಅಂತರದ ಎರಡು ರಂಧ್ರ, 2 ಮೀಟರ್ ಹಿಂದೆ ಲೇಸರ್ ಬದಿಗೆ ನಕ್ಷತ್ರದ ಬದಲು 25 ಮೈಕ್ರಾನ್ ಪಿನ್‌ಹೋಲ್ (ಸೂಜಿತೂತು). ರಂಧ್ರಗಳ ಮುಂದಿನ ಪರದೆಯಲ್ಲಿ ಬೀಳುವ ಕತ್ತಲ ಪಟ್ಟಿಯಲ್ಲಿ ಸೀಳುಗಂಡಿ ಇಟ್ಟು ಪಿನ್‌ಹೋಲನ್ನು 0.65 ಮಿ.ಮೀ. ಪಕ್ಕಕ್ಕೆ ಸರಿಸಿದರೆ ಅದೇ ಜಾಗ ಬೆಳಗ್ತದೆ. ಅದೇ ಗ್ರಹದ ಸ್ಥಾನ. 200 ಮೈಕ್ರಾನ್ ಪಿನ್‌ಹೋಲ್ ಹಾಕಿದರೆ ಕತ್ತಲು ಮಸುಕಾಗ್ತದೆ, ನಕ್ಷತ್ರದ ಬಿಂಬಕ್ಕೆ ಗಾತ್ರ ಇರುವುದರಿಂದ ಆಕಾಶದಲ್ಲೂ ಹೀಗೇ.

ಪಡುಕಡಲು:
ಆಕಾಶದ ಲೆಕ್ಕ: 33 ಜ್ಯೋತಿರ್ವರ್ಷ ದೂರದಿಂದ ಸೂರ್ಯ-ಭೂಮಿ ನೋಡಿದರೆ 10 ಮೈಕ್ರಾನ್ ತರಂಗಾಂತರದಲ್ಲಿ (ಅವಕೆಂಪು ಬೆಳಕು) ಭೂಮಿ ಸೂರ್ಯನಿಗಿಂತ ಸುಮಾರು ಒಂದು ಕೋಟಿ ಪಟ್ಟು ಮಂಕು, ದೂರದರ್ಶಕಗಳ ನಡುವೆ ಬೇಕಾದ ಅಂತರ ಸುಮಾರು 10 ಮೀಟರ್. ಸೂರ್ಯಬಿಂಬದ ಸೋರಿಕೆಯೇ ಲಕ್ಷಕ್ಕೆ 1.3, ಗ್ರಹದ ನೂರು ಪಟ್ಟಿಗೂ ಹೆಚ್ಚು. ಅದಕ್ಕೇ ದೂರದರ್ಶಕಗಳ ಜೋಡಿಯನ್ನು ತಿರುಗಿಸುವುದು: ಗ್ರಹದ ಬೆಳಕು ಏರಿಳೀತದೆ, ದುಂಡು ಬಿಂಬದ ಸೋರಿಕೆ ಏರಿಳಿಯುವುದಿಲ್ಲ.