ಸಣ್ಣ ಡೀಸೆಲ್ ಎಂಜಿನ್‌ಗೆ ನೈಟ್ರಸ್: ಜೆಟ್ ಎಷ್ಟು, ಡೀಸೆಲ್ ಎಷ್ಟು, ಯಾವ ಆರ್‌ಪಿಎಂನಿಂದ?

ಕೇಳಿದವರು:
ಎಂಜಿನ್ 1.5 ಲೀಟರ್, ನಾಲ್ಕು ಸಿಲಿಂಡರ್, ಕಾಮನ್ ರೇಲ್ ಟರ್ಬೊ ಡೀಸೆಲ್. ಕಂಪನಿ ಹೇಳುವ ಶಕ್ತಿ 90 ಎಚ್‌ಪಿ. ಮುಚ್ಚಿದ ಟ್ರ್ಯಾಕಿನಲ್ಲಿ ಡ್ರ್ಯಾಗ್ ಓಟಕ್ಕೆ ಮಾತ್ರ ಬಳಸುವುದು, ಇನ್ನೊಂದು 20 ಎಚ್‌ಪಿ ಸಿಕ್ಕರೆ ಸಾಕು. ಕೈಯಲ್ಲಿರುವುದು ಪೆಟ್ರೋಲ್ ಕಾರಿನ ನೈಟ್ರಸ್ (ನೈಟ್ರಸ್ ಆಕ್ಸೈಡ್ ಅನಿಲ) ಕಿಟ್, ಅದರಲ್ಲಿ ಎರಡು ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ಇವೆ. ಅದನ್ನೇ ಹಾಕಬಹುದೇ? ಯಾವ ಜೆಟ್ (ಹರಿವಿನ ಪ್ರಮಾಣ ನಿರ್ಧರಿಸುವ ಸಣ್ಣ ರಂಧ್ರದ ಬಿಡಿಭಾಗ) ಹಾಕಬೇಕು, ಮೊದಲು ಏನು ಕೆಡುತ್ತದೆ? ಬಲ್ಲವರು ದಯವಿಟ್ಟು ತಿಳಿಸಿ.

ಟ್ಯೂನಿಂಗ್ ಮಾಡುವವರು:
ಎರಡನೇ ಸೊಲೆನಾಯ್ಡ್ ಇಂಧನದ್ದು, ಅದನ್ನು ಬಿಚ್ಚಿ ಎತ್ತಿಡಿ. ಡೀಸೆಲ್ ಎಂಜಿನ್ನಿನ ಇನ್‌ಟೇಕ್‌ಗೆ ಇಂಧನ ಸಿಂಪಡಿಸಬಾರದು. ಒತ್ತಡದ ಬಿಸಿಗೆ ಅದು ಇಂಜೆಕ್ಟರ್ ತೆರೆಯುವ ಮೊದಲೇ ಹೊತ್ತಿಕೊಳ್ಳುತ್ತದೆ. ನಿಮಗೆ ಬೇಕಿರುವುದು ನೈಟ್ರಸ್ ಲೈನ್ ಒಂದೇ. ಹೆಚ್ಚುವರಿ ಡೀಸೆಲ್ ಇಂಜೆಕ್ಟರ್ ಮೂಲಕವೇ ಬರಬೇಕು.

ನೈಟ್ರಸ್ ತಾನಾಗಿ ಉರಿಯುವುದಿಲ್ಲ, ಉರಿಸುತ್ತದೆ. ಗಾಳಿಯ ತೂಕದಲ್ಲಿ ಆಮ್ಲಜನಕ ಶೇ 23, ನೈಟ್ರಸ್‌ನಲ್ಲಿ ಶೇ 36. ಸುಮಾರು 300 ಡಿಗ್ರಿ ದಾಟಿದರೆ ಅದು ಒಡೆದು ಆಮ್ಲಜನಕ ಬಿಡುತ್ತದೆ. ಆದರೆ ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ, ಶಕ್ತಿ ಎಷ್ಟೆಂದು ತೀರ್ಮಾನಿಸುವುದು ಡೀಸೆಲ್ ಪ್ರಮಾಣ. ಪೂರ್ತಿ ಆಕ್ಸಲರೇಟರ್ ಒತ್ತಿದಾಗಲೂ ಸೈಲೆನ್ಸರ್‌ನಿಂದ ಹೊಗೆ ಕಾಣದಿದ್ದರೆ ಒಳಗೆ ಆಮ್ಲಜನಕ ಇನ್ನೂ ಉಳಿದಿದೆ ಎಂದರ್ಥ. ಅಂಥ ಎಂಜಿನ್‌ಗೆ ನೈಟ್ರಸ್ ಬಿಟ್ಟರೆ ಗಾಳಿ ತಣ್ಣಗಾದಷ್ಟು ಲಾಭ, ಉಳಿದದ್ದೆಲ್ಲ ಪೋಲು. ಹಾಗಾಗಿ ಮೊದಲು ಡೀಸೆಲ್, ಆಮೇಲೆ ನೈಟ್ರಸ್. ಇದನ್ನು ತಿರುಗಾಮುರುಗಾ ಮಾಡಿ, "ನೈಟ್ರಸ್ ಹಾಕಿದೆ, ಏನೂ ಆಗಲಿಲ್ಲ" ಎನ್ನುವವರೇ ಹೆಚ್ಚು.

ನಿಮ್ಮ 20 ಎಚ್‌ಪಿ ಅಂದರೆ 15 ಕಿಲೋವಾಟ್. ಪ್ರತಿ ಕಿಲೋವಾಟ್ ಗಂಟೆಗೆ 240 ಗ್ರಾಂ ಡೀಸೆಲ್ ಎಂದು ಹಿಡಿದರೆ ಸೆಕೆಂಡಿಗೆ 1 ಗ್ರಾಂ ಹೆಚ್ಚಿಗೆ ಬೇಕು. 1 ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಸುಮಾರು 9.4 ಗ್ರಾಂ ನೈಟ್ರಸ್ ಬೇಕಾಗುತ್ತದೆ. ಸೆಕೆಂಡಿಗೆ 10 ಗ್ರಾಂ ಎಂದಿಟ್ಟುಕೊಳ್ಳಿ. ಇಂಜೆಕ್ಷನ್ ಲೆಕ್ಕದಲ್ಲಿ 3,500 ಆರ್‌ಪಿಎಂಗೆ ಪ್ರತಿ ಸ್ಟ್ರೋಕ್‌ಗೆ ಸುಮಾರು 38 ಮಿಲಿಗ್ರಾಂ ಇರುವುದು 46-47ಕ್ಕೆ ಏರಬೇಕು.

ಇಲ್ಲಿ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಅಡ್ಡ ಬರುತ್ತದೆ. ಗಾಳಿ ಅಳೆಯುವ ಸೆನ್ಸರ್ ಏರ್ ಫಿಲ್ಟರ್ ಪಕ್ಕದಲ್ಲಿದೆ, ನೈಟ್ರಸ್ ಸೇರುವುದು ಅದಕ್ಕಿಂತ ಎಷ್ಟೋ ಮುಂದೆ. ಹೊಸದಾಗಿ ಬಂದ ಆಮ್ಲಜನಕ ಇಸಿಯುಗೆ ಗೊತ್ತೇ ಆಗದು, ಹೊಗೆ ಮಿತಿಯ ಮ್ಯಾಪ್ (ಎಷ್ಟು ಗಾಳಿಗೆ ಎಷ್ಟು ಡೀಸೆಲ್ ಎಂದು ಅದರಲ್ಲಿ ಬರೆದ ಪಟ್ಟಿ) ಡೀಸೆಲ್ ಅನ್ನು ಹಿಂದಿನ ಅಳತೆಗೇ ಕಟ್ಟಿಹಾಕುತ್ತದೆ. ಆ ಮಿತಿಯನ್ನು ಏರಿಸಿದ ಎರಡನೇ ಮ್ಯಾಪ್ ಮಾಡಿಸಿ, ನೈಟ್ರಸ್ ರಿಲೇ ಆನ್ ಆದಾಗ ಮಾತ್ರ ಅದು ಜಾರಿಯಾಗುವಂತೆ ಜೋಡಿಸಿ. ಒಂದೇ ಮ್ಯಾಪ್‌ನಲ್ಲಿ ಮುಗಿಸಿದರೆ ಬಾಟಲ್ ಖಾಲಿಯಾದ ಕ್ಷಣದಿಂದ ಕಪ್ಪು ಹೊಗೆ ಶುರು, ಎಕ್ಸಾಸ್ಟ್ ಬಿಸಿ ಏರುತ್ತದೆ, ಡಿಪಿಎಫ್ (ಎಕ್ಸಾಸ್ಟ್ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಕಟ್ಟಿಕೊಳ್ಳುತ್ತದೆ.

ಡೀಸೆಲ್ ಹೆಚ್ಚಿಸುವಾಗ ಇಂಜೆಕ್ಷನ್ ಅವಧಿಯೊಂದನ್ನೇ ಎಳೆಯಬೇಡಿ, ಇಂಜೆಕ್ಟರ್ ತಾಳುವಷ್ಟು ರೇಲ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಕೊಡುವ ಕೊಳವೆ) ಒತ್ತಡವನ್ನೂ ಏರಿಸಿ. ಟೈಮಿಂಗ್ (ಡೀಸೆಲ್ ಸಿಂಪಡಿಸುವ ಕ್ಷಣ) ಮಾತ್ರ ಬೇಗ ಮಾಡಬೇಡಿ. ಆಮ್ಲಜನಕ ಹೆಚ್ಚಿದ್ದಲ್ಲಿ ಉರಿ ಬೇಗ ಹರಡುತ್ತದೆ, ಒತ್ತಡದ ಶಿಖರ ಪಿಸ್ಟನ್ ಇನ್ನೂ ಮೇಲಿರುವಾಗಲೇ ಬಂದುಬಿಡುತ್ತದೆ. ಮೂಲ ಟೈಮಿಂಗ್ ಹಾಗೇ ಇರಲಿ, ಇಲ್ಲವೇ ಒಂದು ಡಿಗ್ರಿ ತಡವಾಗಲಿ.

ಗ್ಯಾಸ್ ಲೈನ್ ಜೋಡಿಸುವವರು:
ಸೆಕೆಂಡಿಗೆ 10 ಗ್ರಾಂ ಎಂದರೆ ಬಾಟಲ್ ಒತ್ತಡ 50-60 ಬಾರ್ ಇರುವಾಗ ಸುಮಾರು 0.55 ಮಿಮೀ ರಂಧ್ರದ ಜೆಟ್. ಹರಿವು ವ್ಯಾಸದ ವರ್ಗದಂತೆ ಏರುತ್ತದೆ ಎನ್ನುವುದು ನೆನಪಿರಲಿ: 0.8 ಮಿಮೀ ಹಾಕಿದರೆ ಎರಡು ಪಟ್ಟು. 0.4 ಮಿಮೀಯಿಂದ ಶುರು ಮಾಡಿ. ಜೆಟ್ ಮೇಲೆ ಬರೆದ ಎಚ್‌ಪಿ ಪೆಟ್ರೋಲ್ ಲೆಕ್ಕದ್ದು, ಅದನ್ನು ನೆಚ್ಚಬೇಡಿ, ತೂಕ ಹಾಕಿ ನೋಡಿ. ಬಾಟಲ್ ತೂಗಿ, ನಾಝಲ್ ಬಿಚ್ಚಿ ಬಯಲಿಗೆ ಮುಖ ಮಾಡಿ ಬಿಗಿಯಾಗಿ ಕಟ್ಟಿ, 10 ಸೆಕೆಂಡ್ ಬಿಟ್ಟು ಮತ್ತೆ ತೂಗಿ. 0.55ರ ಜೆಟ್‌ಗೆ 100 ಗ್ರಾಂ ಇಳಿದಿದ್ದರೆ ಲೆಕ್ಕ ಸರಿ. ಕೈಗೆ ಗವಸು, ಕಣ್ಣಿಗೆ ಕನ್ನಡಕ ಇರಲಿ: ದ್ರವ ನೈಟ್ರಸ್ ಕುದಿಯುವುದೇ ಮೈನಸ್ 88 ಡಿಗ್ರಿಯಲ್ಲಿ, ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ. ಮುಚ್ಚಿದ ಶೆಡ್ಡಿನೊಳಗೆ ಖಂಡಿತ ಬೇಡ, ಗಾಳಿಯನ್ನು ಪಕ್ಕಕ್ಕೆ ತಳ್ಳಿ ಉಸಿರು ಕಟ್ಟಿಸುತ್ತದೆ.

ಬಾಟಲ್ ಒತ್ತಡ ಪೂರ್ತಿ ಉಷ್ಣತೆಯ ಮೇಲೆ ನಿಂತಿದೆ. 10 ಡಿಗ್ರಿಗೆ 40 ಬಾರ್, 20ಕ್ಕೆ 50, 30ಕ್ಕೆ 63. ಬೆಳಿಗ್ಗೆ ಸರಿ ಮಾಡಿದ ಟ್ಯೂನ್ ಮಧ್ಯಾಹ್ನ ಬೇರೆಯಾಗುವುದು ಇದರಿಂದಲೇ. ಒತ್ತಡ ನೋಡಿ ತಾನೇ ಆಫ್ ಆಗುವ ಹೀಟರ್ ಹೊದಿಕೆ ಹಾಕಿ 60 ಬಾರ್ ಆಸುಪಾಸಿನಲ್ಲಿ ಇಡಿ. 36.4 ಡಿಗ್ರಿ ದಾಟಿದರೆ ಒಳಗೆ ದ್ರವವೇ ಉಳಿಯುವುದಿಲ್ಲ, ಹರಿವಿನ ಲೆಕ್ಕ ಕೆಡುತ್ತದೆ. ಬಾಟಲ್‌ಗೆ ಬೆಂಕಿ ತೋರಿಸುವುದಂತೂ ಸಾವಿಗೆ ಕರೆ. ತುಂಬಿಸುವಾಗ ಅದರ ಮೇಲೆ ಬರೆದ ತೂಕ ಮೀರಬಾರದು. ಬರ್ಸ್ಟ್ ಡಿಸ್ಕ್‌ನ (ಒತ್ತಡ ಮಿತಿ ಮೀರಿದರೆ ಒಡೆಯುವ ಬಿಲ್ಲೆಯ) ಬಾಯಿಗೆ ಪೈಪ್ ಹಾಕಿ ಕಾರಿನ ಹೊರಗೆ ಬಿಡಿ.

ಬಾಟಲ್ ಒಳಗೆ ಸೈಫನ್ ಟ್ಯೂಬ್ (ತಳದಿಂದ ದ್ರವ ಎಳೆಯುವ ಕೊಳವೆ) ಇದ್ದರೆ ಮಲಗಿಸಿಯೇ ಕೂರಿಸಬೇಕು: ವಾಲ್ವ್ ಕಾರಿನ ಮುಂದಕ್ಕೆ, ಆ ತುದಿ ಸ್ವಲ್ಪ ಎತ್ತರಕ್ಕೆ, ಲೇಬಲ್ ಮೇಲ್ಮುಖ. ಕಾರು ನುಗ್ಗಿದಾಗ ದ್ರವ ಹಿಂದಕ್ಕೆ ಸರಿಯುತ್ತದೆ, ಟ್ಯೂಬಿನ ಬಾಯಿ ಇರುವುದೂ ಅಲ್ಲೇ. ತಿರುಗಿಸಿ ಇಟ್ಟರೆ ದ್ರವದ ಬದಲು ಆವಿ ಬರುತ್ತದೆ, ಶಕ್ತಿ ಬಿಟ್ಟು ಬಿಟ್ಟು ಬರುತ್ತದೆ.

ನಾಝಲ್ ಜಾಗ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣಿಸುವ ಭಾಗ) ಆದ ಮೇಲೆ, ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕವಲು ಪೈಪ್) 20-30 ಸೆಂಮೀ ಮೊದಲು. ತೀರಾ ಹತ್ತಿರವಾದರೆ ಒಂದೇ ಸಿಲಿಂಡರ್‌ಗೆ ಹೆಚ್ಚು ನುಗ್ಗುತ್ತದೆ. ಚಿಮ್ಮುವ ಧಾರೆ ಪೈಪಿನ ನಡುವಿಗಿರಲಿ, ಉಷ್ಣತೆಯ ಸೆನ್ಸರ್ ಮೇಲೆ ಬೀಳದಿರಲಿ. ಸೆನ್ಸರ್‌ಗೆ ಹಿಮ ಹಿಡಿದರೆ ಇಸಿಯು ತಪ್ಪು ಲೆಕ್ಕ ಹಾಕುತ್ತದೆ. ಲೈನ್, ವಾಲ್ವ್, ಫಿಟ್ಟಿಂಗ್ ಯಾವುದಕ್ಕೂ ಎಣ್ಣೆ, ಗ್ರೀಸ್ ತಾಗಬಾರದು, ಒತ್ತಡದ ನೈಟ್ರಸ್ ಜೊತೆ ಅದು ಹೊತ್ತಿಕೊಳ್ಳಬಹುದು. ಟೆಫ್ಲಾನ್ ಟೇಪ್ ಬೇಡ, ಅದರ ಚೂರು ಸೊಲೆನಾಯ್ಡ್ ಸೀಟಿನಲ್ಲಿ ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಸೊಲೆನಾಯ್ಡ್ ಕರೆಂಟ್ ಜಾಸ್ತಿ ಎಳೆಯುತ್ತದೆ, ರಿಲೇ ಮತ್ತು ಫ್ಯೂಸ್ ಮೂಲಕವೇ ಕೊಡಿ.

ಕೇಳಿದವರು:
ಟರ್ಬೊಗೆ ಮೊದಲೇ ಸಿಂಪಡಿಸಿದರೆ ಲ್ಯಾಗ್ (ಟರ್ಬೊ ಏಳುವ ತಡ) ಕಡಿಮೆಯಾಗುತ್ತದಂತಲ್ಲ? 1,500 ಆರ್‌ಪಿಎಂನಿಂದಲೇ ಆನ್ ಮಾಡಬಹುದೇ?

ಎಂಜಿನ್ ಕಟ್ಟುವವರು:
ಎರಡೂ ಬೇಡ. ಲಕ್ಷ ಆರ್‌ಪಿಎಂ ಮೀರಿ ತಿರುಗುವ ಕಂಪ್ರೆಸರ್ ಚಕ್ರದ ಅಂಚಿಗೆ ದ್ರವದ ಹನಿ ಬಡಿದರೆ ಸವೆಯುತ್ತದೆ. ಲ್ಯಾಗ್ ಕಳೆಯಲು ಟರ್ಬೊ ಆದ ಮೇಲೆ ಬಿಟ್ಟರೂ ಸಾಕು. ಹೆಚ್ಚು ಡೀಸೆಲ್ ಉರಿದು ಹೆಚ್ಚು ಎಕ್ಸಾಸ್ಟ್ ಹೊರಟಾಗ ಟರ್ಬೊ ತಾನೇ ಬೇಗ ಏಳುತ್ತದೆ.

1,500ರ ಪ್ರಶ್ನೆ ಇನ್ನೂ ಮುಖ್ಯ, ಕನೆಕ್ಟಿಂಗ್ ರಾಡ್ ಬಾಗುವುದು ಅಲ್ಲೇ. ಸೊಲೆನಾಯ್ಡ್ ಬಿಡುವುದು ಸೆಕೆಂಡಿಗೆ ಇಂತಿಷ್ಟು ಎಂದು, ಎಂಜಿನ್ ವೇಗ ಅದಕ್ಕೆ ಗೊತ್ತಿಲ್ಲ. 3,500ರಲ್ಲಿ ಒಂದು ಸ್ಟ್ರೋಕ್‌ಗೆ ಬೀಳುವ ನೈಟ್ರಸ್‌ನ ಎರಡು ಪಟ್ಟಿಗಿಂತ ಹೆಚ್ಚು 1,500ರಲ್ಲಿ ಬೀಳುತ್ತದೆ. ಅದಕ್ಕೆ ತಕ್ಕ ಡೀಸೆಲ್ಲೂ ಸೇರಿದರೆ ಟಾರ್ಕ್ ಒಮ್ಮೆಲೇ ಜಿಗಿಯುತ್ತದೆ. ಅದೇ 20 ಎಚ್‌ಪಿ 3,500ರಲ್ಲಿ ಕೇವಲ 41 ನ್ಯೂಟನ್ ಮೀಟರ್, 1,500ರಲ್ಲಿ 95. ಆರ್‌ಪಿಎಂ ಸ್ವಿಚ್ ಹಾಕಿ 2,500ಕ್ಕೆ ಆನ್, 4,000ಕ್ಕೆ ಆಫ್ ಇಡಿ. ಅದರ ಜೊತೆ ಮುಖ್ಯ ಸ್ವಿಚ್, ಪೆಡಲ್ ಪೂರ್ತಿ ಒತ್ತಿದಾಗ ಮಾತ್ರ ಕೂಡುವ ಮೈಕ್ರೋ ಸ್ವಿಚ್, ಕ್ಲಚ್ ತುಳಿದರೆ ಕಡಿಯುವ ಸ್ವಿಚ್, ಎಲ್ಲವನ್ನೂ ಸರಣಿಯಲ್ಲಿ ಜೋಡಿಸಿ. ಒಂದು ತಪ್ಪಿದರೂ ನೈಟ್ರಸ್ ನಿಲ್ಲಬೇಕು.

ನಿಮ್ಮ ಪ್ರಮಾಣಕ್ಕೆ ಸಾಮಾನ್ಯವಾಗಿ ಮೊದಲು ಸೋಲುವುದು ಕ್ಲಚ್. ಮೇಲಿನ ಗೇರಿನಲ್ಲಿ ಆರ್‌ಪಿಎಂ ಏರಿ ವೇಗ ಏರದಿದ್ದರೆ ಅದು ಜಾರುತ್ತಿದೆ. ಡ್ಯುಯಲ್ ಮಾಸ್ ಫ್ಲೈವೀಲ್ ಹಳೆಯದಾಗಿದ್ದರೆ ಅದನ್ನೂ ನೋಡಿಸಿ. ಮುಂದಿನ ಸರದಿ ಹೆಡ್ ಗ್ಯಾಸ್ಕೆಟ್‌ನದು: ಓಟದ ನಂತರ ಕೂಲಂಟ್ ಹೋಸ್ ಕಲ್ಲಿನಂತೆ ಗಟ್ಟಿಯಾಗಿ ಉಳಿದರೆ ಉರಿದ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಟರ್ಬೊಗೆ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಕೆ ಮಾದರಿಯ ಥರ್ಮೋಕಪಲ್ (ಬಿಸಿ ಅಳೆಯುವ ಸೆನ್ಸರ್) ಕೂರಿಸಿ, 750 ಡಿಗ್ರಿ ಮುಟ್ಟಿದರೆ ಕಾಲು ತೆಗೆಯಿರಿ. ಗೇಜ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕುವುದನ್ನು ನಾನು ಒಪ್ಪುವುದಿಲ್ಲ, ಪಿಸ್ಟನ್ ಕರಗುವ ಮೊದಲು ಬೇರೆ ಯಾವ ಸೂಚನೆಯೂ ಸಿಗದಿರಬಹುದು.

ಟ್ಯೂನಿಂಗ್ ಮಾಡುವವರು:
ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಹೊಂದಿಸುವಾಗ ಹೊಗೆಯನ್ನೇ ನೋಡಿ. ಎರಡನೇ ಮ್ಯಾಪ್‌ನಲ್ಲಿ ನೈಟ್ರಸ್ ಇಲ್ಲದೆ ಒಂದೆರಡು ಸೆಕೆಂಡ್ ಓಡಿಸಿದಾಗ ಕಪ್ಪು ಹೊಗೆ ಬರಬೇಕು, ನೈಟ್ರಸ್ ಬಿಟ್ಟ ಕೂಡಲೇ ತಿಳಿ ಬೂದಿ ಬಣ್ಣಕ್ಕೆ ಇಳಿಯಬೇಕು. ಕಪ್ಪಾಗಿಯೇ ಉಳಿದರೆ ಡೀಸೆಲ್ ಇಳಿಸಿ, ಅಥವಾ ಜೆಟ್ 0.05 ಮಿಮೀ ದೊಡ್ಡದು ಹಾಕಿ. ಏನೂ ಕಾಣದಷ್ಟು ತಿಳಿಯಾದರೆ ಜೆಟ್ ಚಿಕ್ಕದು ಮಾಡಿ. ಬಿಟ್ಟೊಡನೆ ಕಟಕಟ ಸದ್ದು ಜೋರಾದರೆ ತಕ್ಷಣ ನಿಲ್ಲಿಸಿ, ನೈಟ್ರಸ್ ಹೆಚ್ಚಾಗಿದೆ ಇಲ್ಲವೇ ಟೈಮಿಂಗ್ ತೀರಾ ಬೇಗ ಇದೆ.

4.5 ಕಿಲೋ ಬಾಟಲ್ ಲೆಕ್ಕಕ್ಕೆ ಏಳೂವರೆ ನಿಮಿಷ ಬರಬೇಕು. ದ್ರವ ಮುಗಿಯುವ ಹೊತ್ತಿಗೆ ಒತ್ತಡ ಬಿದ್ದಿರುತ್ತದೆ, ಕೊನೆಯ ಭಾಗವನ್ನು ನಂಬಬೇಡಿ.

ಗ್ಯಾಸ್ ಲೈನ್ ಜೋಡಿಸುವವರು:
ಪ್ರತಿ ಓಟದ ನಂತರ ಬಾಟಲ್ ವಾಲ್ವ್ ಮುಚ್ಚಿ, ಪರ್ಜ್ ವಾಲ್ವ್ ತೆರೆದು ಲೈನ್ ಖಾಲಿ ಮಾಡಿ. ಸೊಲೆನಾಯ್ಡ್ ಸೋರಿದರೆ ನಿಂತ ಎಂಜಿನ್ನಿನ ಇನ್‌ಟೇಕ್ ತುಂಬ ನೈಟ್ರಸ್ ಕೂತಿರುತ್ತದೆ, ಮುಂದಿನ ಸ್ಟಾರ್ಟ್‌ನಲ್ಲಿ ಮೊದಲ ಹೊಡೆತವೇ ಎಂಜಿನ್ ತಾಳದಷ್ಟು ಜೋರಾಗಬಹುದು. ಅನುಮಾನ ಬಂದರೆ ಇಂಟರ್‌ಕೂಲರ್ ಪೈಪ್ ಬಿಚ್ಚಿ, ಇಂಜೆಕ್ಟರ್ ಕನೆಕ್ಟರ್ ತೆಗೆದು, ಹತ್ತು ಸೆಕೆಂಡ್ ಬರೀ ಸ್ಟಾರ್ಟರ್‌ನಿಂದ ತಿರುಗಿಸಿ, ಆಮೇಲೆ ಜೋಡಿಸಿ ಸ್ಟಾರ್ಟ್ ಮಾಡಿ.