ಮಳೆಗಾಲದಲ್ಲಿ ಹಾಳೆ ಡಬ್ಬಿಯ ಆರ್ಡರ್: ಒಪ್ಪಿಕೊಳ್ಳಲೇ, ಬಿಡಲೇ?

ಹಾಳೆಡಬ್ಬಿ (ಶಿರಸಿ ತಾಲೂಕು)

ನಮಸ್ಕಾರ. ಅಡಿಕೆ ಹಾಳೆಯಲ್ಲಿ ಮುಚ್ಚಳವಿರುವ ಡಬ್ಬಿ, ಬೀಸಣಿಗೆ, ಕುಂಕುಮದ ಬಟ್ಟಲು ಮಾಡುವವಳು ನಾನು. ಯಂತ್ರದಲ್ಲಿ ಬಿಸಿ ಒತ್ತಿ ತೆಗೆಯುವ ಊಟದ ತಟ್ಟೆ ಬೇರೆ, ಅದಲ್ಲ. ಹಾಳೆಯನ್ನು ನೆನೆಸಿ, ಮೂಲೆ ಮಡಚಿ, ಬಾಳೆನಾರಿನಿಂದ ಹೊಲಿದು, ಮೇಲೆ ಕಲ್ಲು ಹೇರಿ ಆಕಾರಕ್ಕೆ ತರುವ ಕೆಲಸ. ನಮ್ಮ ಮನೆಯ ಹಿರಿಯರು ತೋಟಕ್ಕೆ ಅವಲಕ್ಕಿ ಒಯ್ಯಲು ಹಾಳೆಯ ಕೊಟ್ಟೆ ಮಾಡಿಕೊಳ್ಳುತ್ತಿದ್ದರು. ನಾನು ಅದಕ್ಕೊಂದು ಮುಚ್ಚಳ, ಅಂಚಿಗೊಂದು ಹೊಲಿಗೆ ಸೇರಿಸಿದೆ, ಅಷ್ಟೆ. ಆರು ವರ್ಷವಾಯಿತು.

ಮಾರಿಕಾಂಬಾ ಜಾತ್ರೆಯಲ್ಲಿ ಗೆಳತಿಯ ಬಳೆ ಅಂಗಡಿಯ ಮೂಲೆಯಲ್ಲಿ ಇಟ್ಟದ್ದು ನಾಲ್ಕೇ ದಿನದಲ್ಲಿ ಖಾಲಿಯಾಯಿತು. ಅಲ್ಲಿಂದ ನನಗೆ ಸ್ವಲ್ಪ ಕೊಬ್ಬು ಬಂತು ಎನ್ನಬೇಕು. ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಬಿಸಿಲು ಏರುವ ಹೊತ್ತಿನಲ್ಲಿ ಬೀಳುತ್ತದೆ. ಹಾಳೆ ಅಂಗಳದಲ್ಲೇ ಗರಿಗರಿ ಒಣಗಿರುತ್ತದೆ. ಆಗ ಯಾರು ಮಾಡಿದರೂ ಚೆನ್ನಾಗಿಯೇ ಬರುತ್ತದೆ ಎಂಬುದು ಹೊಳೆಯಲಿಲ್ಲ.

ಕಳೆದ ಜುಲೈನಲ್ಲಿ ಹುಬ್ಬಳ್ಳಿಯ ಒಂದು ಗೃಹಪ್ರವೇಶಕ್ಕೆ 40 ಡಬ್ಬಿ ಮಾಡಿದೆ. ಮಳೆಗೆ ನೆನೆಯಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಸ್ಸಿಗೆ ಹಾಕಿದೆ. ಐದನೆಯ ದಿನ ಅವರು ಮೊಬೈಲಿಗೆ ಚಿತ್ರ ಕಳಿಸಿದರು. ಡಬ್ಬಿಯ ಒಳಗೆ ಅಕ್ಕಿಹಿಟ್ಟು ಚೆಲ್ಲಿದಂತೆ ಕಂಡಿತು. ಹಿಟ್ಟು ಏಕೆ ತುಂಬಿದರೋ ಎಂದುಕೊಂಡೆ! ಬೂಷ್ಟು ಎಂದು ತಿಳಿಯಲು ಎರಡನೆಯ ಚಿತ್ರ ಬೇಕಾಯಿತು. ಅರ್ಧ ಹಣ ಮರಳಿಸಿದೆ. ಮುಂದಿನ ಸಲ ಜಾಣತನ ಮಾಡಿ ಬಚ್ಚಲು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ಬೂಷ್ಟು ಬರಲಿಲ್ಲ. ಆದರೆ ಕೊಂಡವರು, "ಮುಚ್ಚಳ ತೆರೆದರೆ ಅಜ್ಜನ ಮನೆಯ ಬಚ್ಚಲು ನೆನಪಾಗುತ್ತದೆ" ಎಂದರು. ಹೊಗಳಿಕೆಯಲ್ಲ ಅದು.

ಈಗ ಬೆಂಗಳೂರಿನಿಂದ ಒಬ್ಬರು ಮಗಳ ಮದುವೆಗೆ 150 ಡಬ್ಬಿ ಕೇಳಿದ್ದಾರೆ. ಶ್ರಾವಣದಲ್ಲಿ ಮದುವೆ, ಆಗಸ್ಟ್ 20ರೊಳಗೆ ಕೈಸೇರಬೇಕು. ಒಂದಕ್ಕೆ 60 ರೂಪಾಯಿ ಕೊಡುತ್ತಾರಂತೆ. ಆನ್‌ಲೈನಿನಲ್ಲಿ ಇದಕ್ಕಿಂತ ಕಡಿಮೆಗೆ ಸಿಗುತ್ತದಂತೆ. ಒಳಗೆ ಲಾಡು ಇಟ್ಟು ಕೊಡುವ ಯೋಚನೆ.

ಲೆಕ್ಕ ಹಾಕಿ ಕುಳಿತೆ. ತೊಳೆಯುವುದು, ನೆನೆಸುವುದು, ಹೊಲಿಗೆ, ಒರೆಸುವುದು ಎಲ್ಲ ಸೇರಿ ಒಂದು ಡಬ್ಬಿಗೆ ಒಂದೂಕಾಲು ಗಂಟೆ. ಎಂಟು ಗಂಟೆ ಕುಳಿತರೆ ಆರು ಡಬ್ಬಿ, 360 ರೂಪಾಯಿ. ಅದರಲ್ಲಿ ನಾರು, ಪೆಟ್ಟಿಗೆ, ಹಾಳಾದ ಹಾಳೆ ಎಂದು ಡಬ್ಬಿಗೆ 12 ರೂಪಾಯಿ ಕಳೆದರೆ ಉಳಿಯುವುದು 288. ನಮ್ಮ ತೋಟಕ್ಕೆ ಬರುವ ಹೆಣ್ಣಾಳಿಗೆ ನಾನೇ ದಿನಕ್ಕೆ 450 ಕೊಟ್ಟು, ಮಧ್ಯಾಹ್ನ ಊಟವನ್ನೂ ಹಾಕುತ್ತೇನೆ. ನನ್ನ ಆಳಿಗಿಂತ ನಾನು ಅಗ್ಗ! ಮನೆಗೆಲಸ ಮುಗಿಸಿ ದಿನಕ್ಕೆ ಮೂರು ಗಂಟೆ ಸಿಕ್ಕರೆ ಹೆಚ್ಚು. ಹಾಗೆ 150 ಮುಗಿಸಲು ಎರಡು ತಿಂಗಳು, ಅದೂ ಯಾರಿಗೂ ಜ್ವರ ಬರದಿದ್ದರೆ.

ಮೇ ತಿಂಗಳಲ್ಲಿ ಆರಿಸಿ ತಂದ 240 ಒಣ ಹಾಳೆ ಅಟ್ಟದ ಮೇಲಿದೆ, ಸಾಮಾನಿಗೆ ಕೊರತೆಯಿಲ್ಲ. "ಬಂದ ಲಕ್ಷ್ಮಿಯನ್ನು ಬಾಗಿಲಲ್ಲಿ ನಿಲ್ಲಿಸಬೇಡ" ಎನ್ನುತ್ತಾರೆ ಅತ್ತೆ. ಬೂಷ್ಟು ಬಾರದಂತೆ, ಹೊಗೆ ವಾಸನೆಯೂ ಬಾರದಂತೆ ಒಣಗಿಸಲು ದಾರಿಯಿದೆಯೇ? ದರದ ಬಗ್ಗೆಯೂ ಹೇಳಿ. ನಾಳಿದ್ದು ಉತ್ತರ ಕೊಡಬೇಕು.

ಉಳಿಪೆಟ್ಟು (ಕುಮಟಾ)

ತಂಗೀ, ನಾನು ಮರ ಕೆತ್ತುವವನು. ಗುಡಿಗಾರರ ಮನೆ ನಮ್ಮದು. ನಿನ್ನ ಹಾಳೆ ನನಗೆ ಗೊತ್ತಿಲ್ಲ, ಆದರೆ ನೀರು ಗೊತ್ತು.

ಮೇಲೆ ಮುಟ್ಟಿದರೆ ಒಣ, ಒಳಗೆ ಹಸಿ. ಎಲ್ಲ ಕೆಲಸವೂ ಕೆಡುವುದು ಇಲ್ಲೇ. ಶಿವನೆ ಮರದ ತುಂಡು ಹೊರಗಿನಿಂದ ಒಣಗಿದಂತೆ ಕಂಡರೂ ಅವಸರದಿಂದ ಉಳಿ ಹಚ್ಚಿದರೆ, ಮೂರ್ತಿ ಮುಗಿದ ಮೇಲೆ ಮೂಗಿನ ನೇರಕ್ಕೆ ಸೀಳುತ್ತದೆ. ಚೌತಿಯ ಗಣಪತಿಯದೂ ಅದೇ ಗೋಳು. ನಮ್ಮ ಕೈಗೆ ಅತಿ ಹೆಚ್ಚು ಕೆಲಸ ಬರುವುದೇ ಅತಿ ಹೆಚ್ಚು ಮಳೆ ಬೀಳುವಾಗ. ಕೆಂಡದ ಬಾಣಲೆ ಇಟ್ಟು ಮಣ್ಣು ಒಣಗಿಸುತ್ತೇವೆ. ಕೆಂಡ ಎಂದೆ, ಹೊಗೆ ಅಲ್ಲ. ಬೆಂಕಿ ಚೆನ್ನಾಗಿ ಉರಿದು ಹೊಗೆ ಪೂರ್ತಿ ಇಳಿದ ಮೇಲೆ ಕೆಂಡವನ್ನು ಬೇರೆ ಕೋಣೆಗೆ ಒಯ್ಯಬೇಕು. ಕಿಟಕಿ ಮಾತ್ರ ತೆರೆದಿರಲಿ, ಮುಚ್ಚಿದ ಕೋಣೆಯ ಕೆಂಡ ಜೀವಕ್ಕೇ ಅಪಾಯ. ನೀನು ಅಟ್ಟಕ್ಕೆ ಹಾಕಿದ್ದು ಹಸಿ ಸೌದೆಯ ಹೊಗೆಗೆ. ಬಚ್ಚಲು ನೆನಪಾಗದೆ ಇನ್ನೇನಾದೀತು!

ಇನ್ನೊಂದು, ಪ್ಲಾಸ್ಟಿಕ್ಕಿನಲ್ಲಿ ಬಿಗಿದದ್ದೇ ದೊಡ್ಡ ತಪ್ಪು. ಒಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಬೆವರಿತು. ಹಳೆಯ ದಿನಪತ್ರಿಕೆ ಸುತ್ತಿ ರಟ್ಟಿನ ಪೆಟ್ಟಿಗೆಗೆ ಹಾಕು. ಮಳೆಗೆ ಬೇಕಾದರೆ ಪೆಟ್ಟಿಗೆಯ ಹೊರಗೆ ಪ್ಲಾಸ್ಟಿಕ್ ಇರಲಿ.

ದರದ ಮಾತು. ನಮ್ಮ ಅಜ್ಜ ದಂತದ ಕೆಲಸ ಮಾಡುತ್ತಿದ್ದರು. 1986ರಲ್ಲಿ, ಮತ್ತೆ 1991ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದು ದಂತದ ವ್ಯಾಪಾರ ನಿಂತಿತು. ಆನೆಗೆ ಒಳ್ಳೆಯದಾಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಗಂಧದ ತುಂಡೂ ಕೈಗೆಟುಕದಂತಾಯಿತು. ಆಗ ಗಿರಾಕಿಗಳು ಅದೇ ಮೂರ್ತಿಯನ್ನು ಶಿವನೆಯಲ್ಲಿ ಕಾಲು ಬೆಲೆಗೆ ಕೇಳಲು ಶುರುಮಾಡಿದರು. ಮರ ಅಗ್ಗವಾದರೆ ಕೈಯೂ ಅಗ್ಗವೆಂದು ಅವರ ಲೆಕ್ಕ. ಉಳಿ ಆಡಿಸುವ ಹೊತ್ತು ಎರಡಕ್ಕೂ ಒಂದೇ. ನಿನ್ನ ಹಾಳೆ ತೋಟದಲ್ಲಿ ಪುಕ್ಕಟೆ ಬೀಳುತ್ತದೆ ಎಂದು ಅವರಿಗೆ ಗೊತ್ತಿದೆ, 60 ಹುಟ್ಟಿದ್ದು ಅಲ್ಲಿಂದ. ಅರ್ಧ ಹಣ ಮುಂಗಡ ತೆಗೆದುಕೊಳ್ಳದೆ ಹಾಳೆ ನೆನೆಹಾಕಬೇಡ.

ವೇಗವಾಹಿನಿ (ಸಿದ್ದಾಪುರ)

ಅಕ್ಕ, ಇಷ್ಟು ತಲೆಬಿಸಿ ಏಕೆ? ಒತ್ತುವ ಯಂತ್ರ ಹಾಕಿಸಿಕೊಳ್ಳಿ. ದಿನಕ್ಕೆ ನೂರಾರು ಬರುತ್ತದೆ, ಶಾಖದಲ್ಲಿ ಬೂಷ್ಟೂ ಸಾಯುತ್ತದೆ. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಮೊದಲ ಕಂತು ಒಂದು ಲಕ್ಷ ರೂಪಾಯಿ ಸಾಲ, ಶೇ. 5ರ ಬಡ್ಡಿಗೆ ಸಿಗುತ್ತದೆ.

ಹಾಳೆಡಬ್ಬಿ

ತಮ್ಮಾ, ಯಂತ್ರ ಹಾಕಿದರೆ ನಾನು ಯಂತ್ರಕ್ಕೆ ಹಾಳೆ ತಿನ್ನಿಸುವವಳಾಗುತ್ತೇನೆ. ನನಗೆ ಹೊಲಿಗೆ ಇಷ್ಟ. ಸಾಲದ ವಿಷಯ ಮಾತ್ರ ಕಿವಿಗೆ ಹಾಕಿಕೊಂಡೆ. ಹಾಳೆ ಡಬ್ಬಿ ಅದರಲ್ಲಿ ಬರುತ್ತದೆಯೇ?

ಕಾಳಿದಂಡೆ (ಕಾರವಾರ)

ಆ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ, ಪೊರಕೆ ಮಾಡುವವರು ಮತ್ತು ನಾರು ಹೆಣೆಯುವವರು ಒಂದೇ ಗುಂಪಿನಲ್ಲಿದ್ದಾರೆ. ನಾನು ತೆಂಗಿನ ನಾರಿನ ಕಾಲೊರಸು ಮಾಡುವುದರಿಂದ ಅದರಲ್ಲೇ ಅರ್ಜಿ ಹಾಕಿದೆ. ಮೊದಲ ಪರಿಶೀಲನೆ ಗ್ರಾಮ ಪಂಚಾಯಿತಿಯಲ್ಲೇ ನಡೆಯುತ್ತದೆ, ಒಂದು ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ ಕೇಳು. ಮನೆಗೆ ಒಬ್ಬರಿಗೆ ಮಾತ್ರ. ಉಪಕರಣಕ್ಕೆಂದು 15,000 ರೂಪಾಯಿಯೂ ಇದೆ.

ಈಗ ನಿನ್ನ ಬೂಷ್ಟಿಗೆ ಬರೋಣ. ಕಡಲ ಬದಿಯಲ್ಲಿ ಮಳೆಗಾಲವೆಂದರೆ ತಲೆದಿಂಬೂ ಒದ್ದೆ. ನಾನು ನಾರಿನ ಸಾಮಾನನ್ನು ಮುಚ್ಚಳ ಬಿಗಿಯಾದ ತಗಡಿನ ಟ್ರಂಕಿನಲ್ಲಿಟ್ಟು, ಮೂಲೆಗೊಂದು ತೂತಿನ ಡಬ್ಬದಲ್ಲಿ ಸುಟ್ಟ ಚಿಪ್ಪಿ ಸುಣ್ಣ ಇಡುತ್ತೇನೆ. ನೀರು ಹಾಕದ ಸುಣ್ಣ ಬೇಕು, ಎಲೆ ಅಡಿಕೆಗೆ ಹಚ್ಚುವ ಸುಣ್ಣ ಅಲ್ಲ. ಅದು ಗಾಳಿಯ ತೇವ ಹೀರಿ ತಾನೇ ಪುಡಿಯಾಗುತ್ತದೆ. ಪುಡಿಯಾದರೆ ಬದಲಿಸು. ಮಕ್ಕಳ ಕೈಗೆ ಸಿಗದಂತೆ ನೋಡಿಕೋ, ಅದರ ಮೇಲೆ ನೀರು ಬಿದ್ದರೆ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಷ್ಟ. ಸುಣ್ಣ ಸಿಗದಿದ್ದರೆ ಔಷಧಿ ಸೀಸೆಯಲ್ಲಿ ಬರುತ್ತದಲ್ಲ, ಆ ಸಿಲಿಕಾ ಜೆಲ್ ಚೀಟಿ ತರಿಸು. ಬಾಳೆನಾರನ್ನೂ ಬಿಡು, ಮಳೆಯಲ್ಲಿ ಮೊದಲು ಬೂಷ್ಟು ಹಿಡಿಯುವುದು ಅದೇ. ಹತ್ತಿಯ ದಪ್ಪ ನೂಲಿಗೆ ಜೇನುಮೇಣ ತಿಕ್ಕಿ ಹೊಲಿ. ನಿಮ್ಮ ಕಡೆ ಜೇನಿಗೆ ಬರವೇ?

ಲಾಡನ್ನು ನೇರವಾಗಿ ಹಾಳೆಗೆ ತಾಗಿಸಬೇಡ, ಒಳಗೆ ಕಾಗದದ ಹೊದಿಕೆ ಹಾಕು. ಅಡಿಕೆ ಹಾಳೆಯ ತಟ್ಟೆಯನ್ನು ಊಟಕ್ಕೆ ಬಳಸಲು ಒಪ್ಪಿಗೆಯಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2025ರಲ್ಲಿ ಹೇಳಿದೆ. ಅಡಿಕೆಯ ಅಂಶ ಆಹಾರಕ್ಕೆ ಇಳಿಯಬಹುದೆಂಬುದು ಅವರ ಕಾರಣ. ಬೆಂಗಳೂರಿನ ಮದುವೆ ಎಂದರೆ ಪರದೇಶದ ನೆಂಟರು ಇರದೇ ಇರುತ್ತಾರೆಯೇ? ಲಾಡಿನ ಜೊತೆ ಅವರಿಗೆ ಚರ್ಚೆಯನ್ನೂ ಕಟ್ಟಿಕೊಡಬೇಡ.

ಕೊನೆಗೆ ನನಗನಿಸಿದ್ದು. ಜೂನ್ 1ರಿಂದ 61 ದಿನ ನಮ್ಮಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ "ನನಗೆ ಬಂಗಡೆ ಈಗಲೇ ಬೇಕು, ಅದೂ ಅರ್ಧ ಬೆಲೆಗೆ" ಎಂದು ಯಾರೂ ಬಂದರಿನಲ್ಲಿ ಜಗಳ ತೆಗೆಯುವುದಿಲ್ಲ. ಮಳೆಯಲ್ಲಿ ಇಷ್ಟೇ ಆಗುತ್ತದೆ, ಇಷ್ಟು ಬೆಲೆಯಾಗುತ್ತದೆ ಎಂದು ನೀನೂ ಹೇಳಿಬಿಡು. ಮಳೆಗಾಲದಲ್ಲಿ ಬೀಚಿನ ಅಂಗಡಿ ಮುಚ್ಚಿ ಕುಳಿತಾಗ ನನಗೂ ಹೊಟ್ಟೆ ಉರಿಯುತ್ತದೆ, ಅದು ಬೇರೆ ಮಾತು.

ತೂಕದಕಲ್ಲು (ಯಲ್ಲಾಪುರ)

ಮನೆಯಲ್ಲಿ ಅಡಿಕೆ ಡ್ರೈಯರ್ ಇದ್ದವರನ್ನು ಕೇಳಿ. ಈಗ ಅದು ಎಲ್ಲರಲ್ಲೂ ಖಾಲಿ ಬಿದ್ದಿರುತ್ತದೆ. ಶಾಖ ಹದವಾಗಿರಲಿ, ಜೋರಾದರೆ ಹಾಳೆ ದೋಣಿಯಂತೆ ಬಾಗುತ್ತದೆ. ಕಲ್ಲು ಹೇರಿಯೇ ಇಡಿ.

ಒಣಗಿತೋ ಇಲ್ಲವೋ ಎಂದು ಬೆರಳಿಗೆ ಕೇಳಬೇಡಿ, ತಕ್ಕಡಿಗೆ ಕೇಳಿ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ಒಂದೇ ಡಬ್ಬಿಗೆ ಗುರುತು ಹಾಕಿ ದಿನವೂ ತೂಗಿ ಬರೆದಿಡಿ. ತೂಕ ಇಳಿಯುತ್ತಿದೆ ಎಂದರೆ ನೀರು ಇನ್ನೂ ಹೊರಗೆ ಬರುತ್ತಿದೆ. ಸತತ ಎರಡು ದಿನ ಒಂದೇ ತೂಕ ಬಂದರೆ ಟ್ರಂಕಿಗೆ ಹಾಕಿ. ಹೊರಗೆ ಬಿಟ್ಟರೆ ರಾತ್ರಿಯಲ್ಲೇ ಮತ್ತೆ ಏರುತ್ತದೆ, ಅದನ್ನೂ ಒಮ್ಮೆ ತೂಗಿ ನೋಡಿ, ತಮಾಷೆಯಾಗಿರುತ್ತದೆ.

ಹಾಳೆಡಬ್ಬಿ

ಎಲ್ಲರಿಗೂ ಉಪಕಾರ. ಹನ್ನೆರಡು ದಿನ ಕಳೆದ ಮೇಲೆ ಬರೆಯುತ್ತಿದ್ದೇನೆ, ನಡುವೆ ಮೂರು ದಿನ ಕರೆಂಟ್ ಇರಲಿಲ್ಲ.

ಅವರಿಗೆ ಎರಡು ದಾರಿ ಬರೆದು ಕಳಿಸಿದೆ. ಆಗಸ್ಟಿಗೆ ಬೇಕಾದರೆ 60 ಡಬ್ಬಿ ಮಾತ್ರ, ಒಂದಕ್ಕೆ 110 ರೂಪಾಯಿ. ದೀಪಾವಳಿ ಕಳೆದ ಮೇಲಾದರೆ 150, ಒಂದಕ್ಕೆ 95. ಕಳಿಸುವ ಗುಂಡಿ ಒತ್ತಿ ಮೊಬೈಲನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಕೊಟ್ಟಿಗೆಗೆ ಹೋದೆ. ಬೈಯುತ್ತಾರೆ ಎಂದೇ ಇತ್ತು. ಸಂಜೆ ನೋಡಿದರೆ ಒಂದೇ ಸಾಲು: 60 ಮಾಡಿ, ಹತ್ತಿರದವರಿಗೆ ಕೊಡುತ್ತೇವೆ, ಉಳಿದವರಿಗೆ ತೆಂಗಿನಕಾಯಿ. ಮುಂಗಡ 3,300 ಬಂತು. ಅತ್ತೆ, "90 ತೆಂಗಿನಕಾಯಿ ನಮ್ಮಲ್ಲೇ ಕೊಳ್ಳುತ್ತಾರೇನೋ ಕೇಳು" ಎಂದರು. ಕೇಳಲಿಲ್ಲ.

ಕುಮಟಾದ ಅಣ್ಣ ಹೇಳಿದ ಕೆಂಡ ನಮ್ಮ ಮನೆಯಲ್ಲಿ ನಡೆಯಲಿಲ್ಲ. ಬೆಕ್ಕು ಪಕ್ಕದಲ್ಲೇ ಮಲಗಿ ಬಾಲ ಸುಟ್ಟುಕೊಳ್ಳುವುದರಲ್ಲಿತ್ತು. ಭಾವನ ಮನೆಯ ಡ್ರೈಯರ್ ಸಿಕ್ಕಿತು. ಶಾಖ ಹೆಚ್ಚಾಗಿ ಮೊದಲ ಎಂಟು ಡಬ್ಬಿ ನಿಜಕ್ಕೂ ದೋಣಿಯಾದವು. ಮಗಳು ಅವನ್ನು ಅಂಗಳದ ನೀರಿನಲ್ಲಿ ತೇಲಿಬಿಟ್ಟಳು. ಈಗ ಹದ ಸಿಕ್ಕಿದೆ. ಸುಣ್ಣವನ್ನು ಕುಮಟಾದಿಂದ ಬಂದವರೊಬ್ಬರು ತಂದುಕೊಟ್ಟರು, ಟ್ರಂಕು ನನ್ನ ಮದುವೆಯದು.

ಗುರುತಿನ ಡಬ್ಬಿ ಸೋಮವಾರ 97 ಗ್ರಾಂ ಇತ್ತು, ಮಂಗಳವಾರ 88. ನಿನ್ನೆ 84, ಇವತ್ತು ಬೆಳಿಗ್ಗೆಯೂ 84. ಒಂದು ರಾತ್ರಿ ಜಗುಲಿಯಲ್ಲಿಟ್ಟು ನೋಡಬೇಕೆಂದು ಕೈ ತುರಿಸುತ್ತಿದೆ, ಯಲ್ಲಾಪುರದವರು ಆಸೆ ಹುಟ್ಟಿಸಿದ್ದಾರೆ. ಇನ್ನೂ 41 ಹೊಲಿಯುವುದಿದೆ, ಅದಾದ ಮೇಲೆ ನೋಡೋಣ.